ಜೀಪ್ ಮಾಡ್: ಇರುವ ಗಾಡಿ ತಿದ್ದುವುದೋ, ಮೊದಲಿಂದ ಕಟ್ಟುವುದೋ?

ಉಡುಪಿಯ ಮುರಕಲ್ಲು ರಸ್ತೆಗಳಲ್ಲಿ ಓಡುವ ಹಳೆಯ ಲೀಫ್ ಸ್ಪ್ರಿಂಗ್ ಜೀಪನ್ನು ಬೀಮ್‌ಎನ್‌ಜಿ ಡ್ರೈವ್ ಎಂಬ ಗಾಡಿ ಓಡಿಸುವ ಕಂಪ್ಯೂಟರ್ ಆಟಕ್ಕೆ ಮಾಡ್ (ಆಟಕ್ಕೆ ನಾವೇ ಮಾಡಿ ಸೇರಿಸುವ ಭಾಗ) ಆಗಿ ತರಬೇಕೆನ್ನುವವರಿಗೆ ದಾರಿ ಎರಡು: ಆಟದಲ್ಲೇ ಇರುವ ಇಬಿಶು ಹಾಪರ್‌ನಂಥ ಗಾಡಿಯ ಜೆಬೀಮ್ (ನೋಡ್ ಎಂಬ ತೂಕದ ಬಿಂದುಗಳನ್ನು ಬೀಮ್ ಎಂಬ ಸ್ಪ್ರಿಂಗಿನಂಥ ಕೊಂಡಿಗಳಿಂದ ಜೋಡಿಸಿದ ಅಸ್ಥಿಪಂಜರ) ಮೇಲೆ ಹೊಸ ಬಾಡಿ ಕೂರಿಸುವುದು, ಇಲ್ಲವೇ ಮೊದಲ ನೋಡ್‌ನಿಂದಲೇ ಕಟ್ಟುವುದು.

ಸಮಯ ಕಡಿಮೆಯಿದ್ದರೆ ಮೊದಲನೆಯದೇ ಸರಿ. ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್ ಎಲ್ಲ ಸಿದ್ಧವಿರುತ್ತವೆ.

ಅಳತೆಯ ಮಾತು ಬೇರೆ. ವೀಲ್‌ಬೇಸ್ ಒಂದು ಗೇಣು ವ್ಯತ್ಯಾಸವಾದರೂ ಚಾಸಿ, ಆಕ್ಸಲ್, ಪ್ರೊಪೆಲ್ಲರ್ ಶಾಫ್ಟ್‌ನ ನೋಡ್‌ಗಳನ್ನೆಲ್ಲ ಸರಿಸಬೇಕು. ಅಷ್ಟು ತಿದ್ದುವುದಾದರೆ ಹೊಸದಾಗಿ ಕಟ್ಟುವುದೇ ಮೇಲು. ಮೊದಲು ನಿಜವಾದ ಜೀಪಿನ ಹಬ್‌ನಿಂದ ಹಬ್‌ಗೆ ಟೇಪ್ ಹಿಡಿದು ಅಳೆಯಿರಿ. ಫೋಟೋ ನಂಬಬೇಡಿ, ಲೆನ್ಸ್ ಮೋಸ ಮಾಡುತ್ತದೆ.

ಗುದ್ದಿದಾಗ ಹೇಗೆ ನಜ್ಜುಗುಜ್ಜಾಗಬೇಕು ಎಂಬುದೇ ನಿಮಗೆ ಮುಖ್ಯವಾದರೆ ಸ್ವಂತ ಜೆಬೀಮ್ ಬೇಕು. ಆದರೆ ಕಷ್ಟವೂ ಇಲ್ಲೇ. ಆಟದಲ್ಲಿ ನೋಡ್, ಬೀಮ್‌ಗಳ ಚಲನೆಯ ಲೆಕ್ಕ ಸೆಕೆಂಡಿಗೆ 2000 ಸಲ ನಡೆಯುತ್ತದೆ. ಹಗುರ ನೋಡ್‌ಗೆ ಅತಿ ಬಿಗಿ ಬೀಮ್ ಕಟ್ಟಿದರೆ ಗಾಡಿ ಬಂದ ಕ್ಷಣವೇ ನಡುಗಿ ಚೂರಾಗುತ್ತದೆ. ಆಗ ನೋಡ್‌ವೇಟ್ (ನೋಡ್‌ನ ತೂಕ) ಏರಿಸಿ ಅಥವಾ ಬೀಮ್‌ಸ್ಪ್ರಿಂಗ್ (ಬೀಮ್‌ನ ಬಿಗಿ) ಇಳಿಸಿ, ಒಟ್ಟು ತೂಕ ನೋಡಿ, ಕಂಟ್ರೋಲ್+ಆರ್ ಒತ್ತಿ ಮತ್ತೆ ಲೋಡ್ ಮಾಡಿ. ಬೀಮ್‌ಡಿಫಾರ್ಮ್ ಬಾಗುವ ಮಿತಿ, ಬೀಮ್‌ಸ್ಟ್ರೆಂತ್ ತುಂಡಾಗುವ ಮಿತಿ. ಎರಡನ್ನು ಗೊಂದಲ ಮಾಡಿದರೆ ಬಾನೆಟ್ ಮಡಚುವ ಬದಲು ಕಿತ್ತುಹೋಗುತ್ತದೆ.

ಫ್ಲೆಕ್ಸ್‌ಬಾಡಿ ಎಂದರೆ ನೋಡ್‌ಗಳ ಜೊತೆ ಬಾಗುವ, ಕಣ್ಣಿಗೆ ಕಾಣುವ ಮೆಶ್ (3ಡಿ ಆಕಾರ). ಅದಕ್ಕೆ ಕಟ್ಟುವ ನೋಡ್ ಗುಂಪು ಎರಡೂ ದಾರಿಯಲ್ಲಿ ಕೈಕೊಡುತ್ತದೆ. ಬಾನೆಟ್ ಮೆಶ್‌ಗೆ ಮಡ್‌ಗಾರ್ಡ್‌ನ ನೋಡ್ ಗುಂಪೂ ಸೇರಿದ್ದರೆ, ಬಾನೆಟ್ ತೆರೆದಾಗ ತಗಡು ರಬ್ಬರಿನಂತೆ ಹಿಗ್ಗುತ್ತದೆ.

ಮೆಶ್ ಮಾಡುವ 3ಡಿ ತಂತ್ರಾಂಶ ಬ್ಲೆಂಡರ್‌ನ 5.0ರಲ್ಲಿ, ಮೆಶ್ಅನ್ನು ಆಟಕ್ಕೆ ಒಯ್ಯುವ ಕೊಲಾಡಾ ಫೈಲ್‌ನ ಎಕ್ಸ್‌ಪೋರ್ಟ್ ಇಲ್ಲ, 4.5 ಇಟ್ಟುಕೊಳ್ಳಿ.