ಮಳೆಗಾಲದಲ್ಲಿ ಚಿಂಕ್ವೆ ಟೆರ್ರೆಗೆ ಒಂದು ದಿನದ ರೈಲು ಪ್ರವಾಸ: ಬೇಡ ಮಾರಾಯ್ರೇ

ಇಟಲಿಯ ಸಮುದ್ರ ದಂಡೆಯ ಐದು ಪುಟ್ಟ ಊರುಗಳ ಸಾಲು ಚಿಂಕ್ವೆ ಟೆರ್ರೆ. ಅದರ ಫೋಟೋ ನೋಡಿ, ಅಕ್ಟೋಬರ್ ಕೊನೆಗೆ ಮಿಲಾನ್‌ನಿಂದ ಬೆಳಗ್ಗೆ ಹೊರಟು ರಾತ್ರಿ ವಾಪಸ್ ಬರೋಣ ಅಂತ ಯಾರಾದರೂ ಲೆಕ್ಕ ಹಾಕುತ್ತಿದ್ದರೆ, ಟಿಕೆಟ್ ತೆಗೆಯುವ ಮುಂಚೆ ಇದನ್ನು ಓದಿ. ನಾನು, ನನ್ನ ಹೆಂಡತಿ ಹೋಗಿ ನೆನೆದು ಬಂದಿದ್ದೇವೆ.

ಹಿಂದಿನ ಸಂಜೆಯೇ ಆ ಊರುಗಳಿರುವ ಲಿಗೂರಿಯಾ ಕರಾವಳಿಗೆ ಕಿತ್ತಳೆ ಬಣ್ಣದ ಎಚ್ಚರಿಕೆ ಬಂದಿತ್ತು. ಅಲ್ಲಿ ಮಳೆಗೆ ಹಳದಿ, ಕಿತ್ತಳೆ, ಕೆಂಪು ಅಂತ ಮೂರು ಹಂತ, 'ಅಲ್ಲೆರ್ತಾ' ಅನ್ನುತ್ತಾರೆ. ಆಫೀಸಿನ ಇಟಾಲಿಯನ್ ಗೆಳೆಯ ನಾಳೆ ಬೇಡ ಅಂತ ಎರಡು ಸಲ ಹೇಳಿದ. ನಾನು ತೀರ್ಥಹಳ್ಳಿ ಕಡೆಯವನು. ಆಗುಂಬೆ ಮಳೆ ಕಂಡವನಿಗೆ ಇದೇನು ಮಹಾ ಅಂತ ನಕ್ಕುಬಿಟ್ಟೆ.

ಅಲ್ಲಿನ ವಿಷಯವೇ ಬೇರೆ. ಕಡಿದಾದ ಗುಡ್ಡ, ಗಾರೆ ಇಲ್ಲದೆ ಕಲ್ಲು ಪೇರಿಸಿ ಕಟ್ಟಿದ ದ್ರಾಕ್ಷಿ ತೋಟದ ಮೆಟ್ಟಿಲುಗಳು, ಕೆಳಗೆ ನೇರ ಸಮುದ್ರ. ಐದರಲ್ಲಿ ಒಂದಾದ ವೆರ್ನಾಜ್ಜಾ ಊರಿನ ಮುಖ್ಯ ಬೀದಿಯ ಅಡಿಯಲ್ಲೇ ಒಂದು ಹಳ್ಳ ಹರಿಯುತ್ತದೆ. 2011ರ ಅಕ್ಟೋಬರ್ 25ರಂದು ಸುರಿದ ಮಳೆಗೆ ವೆರ್ನಾಜ್ಜಾ, ಮೊಂತೆರೊಸ್ಸೊ ಎರಡೂ ಊರುಗಳ ಬೀದಿಗಳು ಕೆಸರು ಕಲ್ಲಿನಲ್ಲಿ ಹೂತುಹೋಗಿದ್ದವು, ಜನ ಸತ್ತಿದ್ದರು. ಆ ಜನ ಮಳೆಗೆ ಹೆದರುವುದು ಸುಮ್ನೆ ಅಲ್ಲ. ಇದೆಲ್ಲ ನನಗೆ ಗೊತ್ತಾಗಿದ್ದು ವಾಪಸ್ ಬಂದ ಮೇಲೆ.

ಮೂರು ಗಂಟೆ ಪ್ರಯಾಣ ಮಾಡಿ ಮೊಂತೆರೊಸ್ಸೊದಲ್ಲಿ ಇಳಿದೆವು. ಸಮುದ್ರ ಬೂದಿ ಕಲಸಿದ ನೀರಿನ ಹಾಗಿತ್ತು. ವೆರ್ನಾಜ್ಜಾಕ್ಕೆ ನಡೆದು ಹೋಗುವ ದಾರಿಗೆ ಗೇಟ್ ಹಾಕಿ 'ಕ್ಯೂಸೊ' ಅಂತ ಬೋರ್ಡ್, ಅಂದರೆ ಬಂದ್. ದೋಣಿಯೂ ಇಲ್ಲ. ಎಲ್ಲರೂ ಬಂದು ನಿಂತಿದ್ದು ಒಂದೇ ಕಡೆ, ರೈಲ್ವೆ ಪ್ಲಾಟ್‌ಫಾರ್ಮ್ ಮೇಲೆ. ಐದೂ ಊರುಗಳ ನಡುವೆ ರೈಲಿನಲ್ಲಿ ಓಡಾಡಲು ಅಂತ ರಾತ್ರಿ ಕೂತು ಆನ್‌ಲೈನ್‌ನಲ್ಲಿ ತೆಗೆದಿದ್ದ ಕಾರ್ಡಿನಲ್ಲಿ ಕಾಲುದಾರಿಯ ದುಡ್ಡೂ ಸೇರಿತ್ತು. ಯಾರನ್ನು ಬೈಯೋದು?

ಇಲ್ಲಿ ನಾನು ಮಾಡಿದ ಕೆಲಸ ನೀವು ಮಾಡಬೇಡಿ. ಅರ್ಧ ಗಂಟೆ ನೆನೆದು, ಬಂದ ಮೊದಲ ರೈಲಿಗೆ ಹತ್ತಿಬಿಟ್ಟೆವು. ಅದು ಇಂಟರ್‌ಸಿಟಿ. ಐದು ಊರುಗಳ ಕಾರ್ಡ್ ನಡೆಯುವುದು ಅವುಗಳ ಆಚೀಚೆ ಇರುವ ಲೆವಾಂತೊದಿಂದ ಲಾ ಸ್ಪೆಜಿಯಾವರೆಗೆ, ಅದೂ ಪ್ಯಾಸೆಂಜರ್ ರೈಲುಗಳಲ್ಲಿ ಮಾತ್ರ. ಇಂಟರ್‌ಸಿಟಿ ಮೊಂತೆರೊಸ್ಸೊದಲ್ಲಿ ನಿಂತರೂ ಉಳಿದ ಊರುಗಳನ್ನು ಮೂಸಿಯೂ ನೋಡುವುದಿಲ್ಲ. ವೆರ್ನಾಜ್ಜಾ ಕಿಟಕಿಯಲ್ಲಿ ಬಂದು ಹೋಯಿತು, ಕೊರ್ನೀಲಿಯಾ ಹೋಯಿತು, ಮನರೋಲಾ ಹೋಯಿತು. ಅಷ್ಟರಲ್ಲಿ ಟಿಕೆಟ್ ಚೆಕ್ ಮಾಡುವವರು ಬಂದು, ನನ್ನ ಕಾರ್ಡ್ ನೋಡಿ, ಒದ್ದೆ ಕೈಗೇ ದಂಡದ ಚೀಟಿ ಕೊಟ್ಟು ಹೋದರು. ಹೆಂಡತಿ ಒಂದು ಮಾತೂ ಆಡಲಿಲ್ಲ, ಅದೇ ಜಾಸ್ತಿ ಚುಚ್ಚಿದ್ದು.

ಲಾ ಸ್ಪೆಜಿಯಾದಿಂದ ಮತ್ತೆ ಹಿಂದಕ್ಕೆ ಬಂದೆವು. ಕೊರ್ನೀಲಿಯಾದಲ್ಲಿ ಇಳಿಯಲೇ ಇಲ್ಲ. ಸ್ಟೇಷನ್ ಕೆಳಗೆ, ಊರು ಗುಡ್ಡದ ಮೇಲೆ, ನಡುವೆ 382 ಮೆಟ್ಟಿಲು. ಮಳೆಯಲ್ಲಿ ಯಾರು ಹತ್ತುತ್ತಾರೆ? ವೆರ್ನಾಜ್ಜಾದಲ್ಲಿ ಇಳಿದೆವು. ಪ್ಲಾಟ್‌ಫಾರ್ಮ್ ಪೂರ್ತಿ ಹೊರಗಿಲ್ಲ, ಅದರ ತುದಿ ಸುರಂಗದೊಳಗೇ ಇದೆ. ಕೊನೆಯ ಬೋಗಿಯಲ್ಲಿದ್ದವರಿಗೆ ಕತ್ತಲಲ್ಲಿ ಬಾಗಿಲು ತೆರೆಯುತ್ತದೆ, ಸ್ಟೇಷನ್ ಅಲ್ಲ ಅಂದುಕೊಂಡು ಕೂತರೆ ಮುಂದಿನ ಊರೇ ಗತಿ. ವಾಪಸ್ ಹೋಗುವಾಗ ಅಲ್ಲೇ ಒಂದು ಗಂಟೆ ಹತ್ತು ನಿಮಿಷ ನಿಂತೆವು. ಬೋರ್ಡಿನಲ್ಲಿ 'ರಿತಾರ್ದೊ' 20 ಇದ್ದದ್ದು 35 ಆಯಿತು, ಆಮೇಲೆ 60. ತಡ ಅನ್ನುವ ಪದ ಇಟಾಲಿಯನ್‌ನಲ್ಲಿ ನನಗೆ ಈ ಜನ್ಮದಲ್ಲಿ ಮರೆಯುವುದಿಲ್ಲ. ನಿಲ್ಲದೆ ಹೋಗುವ ರೈಲು ಸುರಂಗದೊಳಗೆ ಬರುವ ಮುಂಚೆ ಗಾಳಿ ಬರುತ್ತದೆ ನೋಡಿ, ಮೊದಲು ಕಿವಿ ಕಟ್ಟುತ್ತದೆ, ಆಮೇಲೆ ಸಾಲಾಗಿ ನಿಂತವರ ಛತ್ರಿಗಳು ಒಂದಾದ ಮೇಲೆ ಒಂದು ಪಟಪಟ ಅಂತ ತಿರುಗಿ ಬೀಳುತ್ತವೆ. ನಮ್ಮದರ ಎರಡು ಕಡ್ಡಿ ಅಲ್ಲೇ ಮುರಿಯಿತು. ಬಿಸಿಯಾಗಿ ಕೊಂಡಿದ್ದ ಫೊಕಾಚ್ಚಾ ಬ್ರೆಡ್ಡು ಕಾಗದದ ಚೀಲದಲ್ಲೇ ನೆನೆದು, ಎಣ್ಣೆ ನೀರು ಕೂಡಿ ಅಂಬಲಿ ಆಗಿತ್ತು.

ಕಿತ್ತಳೆ ಎಚ್ಚರಿಕೆ ಇದ್ದರೆ ದಾರಿಯಲ್ಲಿ ಸಿಗುವ ಜೆನೋವಾ ನಗರದಲ್ಲೇ ಇಳಿದುಬಿಡಿ. ಹಳೆ ಬಂದರಿನ ಹತ್ತಿರ ಕಮಾನು ಸಾಲಿನ ಕೆಳಗೆ ನೆನೆಯದೆ ಓಡಾಡಬಹುದು, ದೊಡ್ಡ ಅಕ್ವೇರಿಯಂ ಇದೆ. ಚಿಂಕ್ವೆ ಟೆರ್ರೆಗೆ ಹೋಗಲೇಬೇಕು ಅಂದರೆ ಒಂದು ರಾತ್ರಿ ಆ ಊರುಗಳಲ್ಲೇ ಉಳಿಯಿರಿ. ಹತ್ತುವ ಮುಂಚೆ ರೈಲಿನ ಮೇಲೆ ಬರೆದಿರುವುದನ್ನು ಓದಿ.

ಇನ್ನೊಂದು. ರೈಲಿನ ಕಿಟಕಿಯಿಂದ ಸಮುದ್ರ ನೋಡಬಹುದು ಅಂತ ಹೋಗುವವರಿಗೆ ಈ ಮಾತು. ಸಕಲೇಶಪುರ ಸುಬ್ರಹ್ಮಣ್ಯ ದಾರಿಯಲ್ಲಿ 57 ಸುರಂಗ ಇದ್ದರೂ ನಡುನಡುವೆ ಕಣಿವೆ ಕಣ್ತುಂಬ ಸಿಗುತ್ತದೆ. ಇಲ್ಲಿ ಊರಿಂದ ಊರಿಗೆ ನಾಲ್ಕೈದು ನಿಮಿಷ, ಅದರಲ್ಲಿ ಬಹುಪಾಲು ಸುರಂಗವೇ. ನಾನು ಮನರೋಲಾ ಹತ್ತಿರ ತೆಗೆದ ಎರಡು ನಿಮಿಷದ ವಿಡಿಯೋದಲ್ಲಿ ಸಮುದ್ರ ಇರುವುದು ಆರು ಸೆಕೆಂಡು, ಉಳಿದದ್ದೆಲ್ಲ ಕಪ್ಪು ಗಾಜಿನಲ್ಲಿ ನನ್ನದೇ ಮುಖ, ಹಿಂದೆ ತಲೆ ಒರೆಸಿಕೊಳ್ಳುತ್ತಿರುವ ಹೆಂಡತಿ.