ಒಂದನೇ ಪಿನ್ ಹುಡುಕಲು ಯಾವುದು ವಾಸಿ: 180 ರೂಪಾಯಿಯ ಲೆನ್ಸಾ, 1,650ರ ಮೈಕ್ರೋಸ್ಕೋಪಾ?

ಬೋರ್ಡಿಗೆ ಚಿಪ್ ಬೆಸೆಯುವಾಗ ಅದರ ಕಾಲುಗಳಲ್ಲಿ, ಅಂದರೆ ಪಿನ್ನುಗಳಲ್ಲಿ, ಒಂದನೆಯದು ಯಾವುದು ಅಂತ ಗೊತ್ತಿರಬೇಕು, ಇಲ್ಲದಿದ್ದರೆ ಚಿಪ್ ಉಲ್ಟಾ ಕೂರಬಹುದು. ಅದನ್ನು ಹುಡುಕಲು, ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಲೆನ್ಸಿಗೆ. ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಆ ಹತ್ತು ಪಟ್ಟಿನ ಲೆನ್ಸ್. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ 180 ರೂಪಾಯಿ ಕೊಟ್ಟು ತಂದೆ. ಜೊತೆಗೆ ಒಂದು ಪುಟ್ಟ ಟಾರ್ಚ್. ಅದಕ್ಕೂ ಮುಂಚೆ 1,650 ಕೊಟ್ಟು ತರಿಸಿದ್ದ ಯುಎಸ್‌ಬಿ ಮೈಕ್ರೋಸ್ಕೋಪ್ ಈಗ ಮಗಳ ಕೈಯಲ್ಲಿದೆ. ದಾಸವಾಳದ ಪರಾಗ, ಇರುವೆ, ಉಪ್ಪಿನ ಹರಳು ಎಲ್ಲ ನೋಡುತ್ತಾಳೆ. ಅದಕ್ಕೆ ಅದು ತುಂಬಾ ಚೆನ್ನಾಗಿದೆ.

ಇದೆಲ್ಲ ಶುರುವಾಗಿದ್ದು ಭಾವನ ಮನೆಯ ವೈಫೈ ರೂಟರ್‌ನಿಂದ. ಅಪ್‌ಡೇಟ್ ಆಗುತ್ತಿರುವಾಗಲೇ ಕರೆಂಟ್ ಹೋಯಿತು. ಆಮೇಲೆ ಒಂದೇ ಒಂದು ಲೈಟ್ ಉರಿಯುತ್ತಿತ್ತು, ಮತ್ತೇನೂ ಇಲ್ಲ. ಒಳಗೆ ರೂಟರಿನ ಸಾಫ್ಟ್‌ವೇರ್ ಇಟ್ಟುಕೊಳ್ಳುವ ಎಂಟು ಕಾಲಿನ 25ಕ್ಯೂ64 ಫ್ಲ್ಯಾಶ್ ಚಿಪ್ಪನ್ನು ಬಿಚ್ಚಿದೆ. ಚಿಪ್ಪಿಗೆ ಸಾಫ್ಟ್‌ವೇರ್ ಬರೆಯುವ ಸಿಎಚ್341ಎ ಪ್ರೋಗ್ರಾಮರ್‌ಗೆ ಹಾಕಿ ಹೊಸದಾಗಿ ಬರೆದೆ. ಬರೆಯುವಾಗ ಸರಿಯಾಗಿಯೇ ಇಟ್ಟಿದ್ದೆ. ಹೊರಗೆ ತೆಗೆದು, ಒರೆಸಿ, ಊಟಕ್ಕೆ ಎದ್ದೆ. ಬಂದು ಕೂತಾಗ ಯಾವ ತುದಿ ಯಾವುದು ಅಂತ ಮತ್ತೆ ನೋಡಬೇಕಾಯಿತು.

ಚಿಪ್ಪಿನ ಒಂದು ಮೂಲೆಯಲ್ಲಿ ದೊಡ್ಡ ದುಂಡು ಗುಳಿ ಕಂಡಿತು. ಅದೇ ಒಂದನೇ ಪಿನ್ ಅಂದುಕೊಂಡು ಬೆಸುಗೆ ಹಾಕಿದೆ. ಪವರ್ ಕೊಟ್ಟು ಕೆಲವೇ ಸೆಕೆಂಡಿಗೆ ಚಿಪ್ ಮೇಲೆ ಬೆರಳಿಟ್ಟರೆ ಚುರ್ ಅಂದಿತು. ಈ ಚಿಪ್ಪಿನಲ್ಲಿ 4ನೇ ಕಾಲು ಗ್ರೌಂಡ್ (ಪವರ್‌ನ ಮೈನಸ್ ಕಡೆ), 8ನೇ ಕಾಲು 3.3 ವೋಲ್ಟ್. ಉಲ್ಟಾ ಕೂರಿಸಿದರೆ ಅವೆರಡೂ ನೇರವಾಗಿ ಅದಲು ಬದಲಾಗುತ್ತವೆ. ಚಿಪ್ ಅಲ್ಲೇ ಸತ್ತಿತು.

ಆ ದೊಡ್ಡ ಗುಳಿ ಒಂದನೇ ಪಿನ್ನಿನ ಗುರುತೇ ಅಲ್ಲ. ಅಚ್ಚಿನಿಂದ ಪ್ಲಾಸ್ಟಿಕ್ ಮೈಯನ್ನು ಹೊರಗೆ ತಳ್ಳುವ ಕಡ್ಡಿ ಬಿಟ್ಟ ಗುರುತು ಅದು. ನಿಜವಾದ ಚುಕ್ಕಿ ಎದುರು ಮೂಲೆಯಲ್ಲಿತ್ತು. ಸಾಸಿವೆಗಿಂತ ಚಿಕ್ಕದು. ಅದರ ಮೇಲೆ ಬೆಸುಗೆಗೆ ಹಚ್ಚುವ ಫ್ಲಕ್ಸ್ ಬೇರೆ ಮೆತ್ತಿತ್ತು. ನಾನು ಕೈಯಲ್ಲಿ ಹಿಡಿದ ಚಿಪ್‌ಗಳಲ್ಲಿ ಎರಡು ಗುಳಿ ಕಂಡಾಗ ಬಹುತೇಕ ಚಿಕ್ಕದೇ ಒಂದನೇ ಪಿನ್ ಆಗಿತ್ತು. ಆದರೆ ಚಿಕ್ಕದು ಕಣ್ಣಿಗೆ ಬೀಳಬೇಕಲ್ಲ!

ಬೋರ್ಡಿನ ತೂತಿಗೆ ಕಾಲು ಇಳಿಸುವ ಹಳೆಯ ಉದ್ದ ಚಿಪ್‌ಗಳಿಗೆ ಈ ಪಾಡಿಲ್ಲ. ತಲೆಯಲ್ಲಿ ಅರ್ಧಚಂದ್ರದ ಕಚ್ಚು ಇರುತ್ತದೆ. ಕಚ್ಚು ಮೇಲೆ ಬರುವಂತೆ ಹಿಡಿದರೆ ಎಡಗಡೆ ಮೊದಲನೆಯದೇ 1. ಅಲ್ಲಿಂದ ಕೆಳಗಿಳಿದು, ಬಲಗಡೆ ಮೇಲಕ್ಕೆ ಎಣಿಸಿಕೊಂಡು ಹೋದರೆ ಆಯಿತು. ಬರಿಗಣ್ಣು ಸಾಕು.

ಸರಿ, ಮೈಕ್ರೋಸ್ಕೋಪ್ ತರಿಸಿದೆ. ಮೊದಲ ತೊಂದರೆ ಬೆಳಕಿನದು. ಲೆನ್ಸಿನ ಸುತ್ತ ಬಳೆಯ ಹಾಗೆ ಎಲ್‌ಇಡಿ ಇರುತ್ತವೆ. ಬೆಳಕು ಎಲ್ಲ ಕಡೆಯಿಂದ ಮೇಲಿಂದಲೇ ಬೀಳುವುದರಿಂದ ಗುಳಿಗೆ ನೆರಳೇ ಬರುವುದಿಲ್ಲ. ಕಪ್ಪು ಮೈ ಹೊಳೆಯುತ್ತದೆ, ಚುಕ್ಕಿ ಮಾಯ. ವೈರಿನಲ್ಲಿರುವ ಚಕ್ರ ತಿರುಗಿಸಿ ಎಲ್‌ಇಡಿ ಆರಿಸಿ, ಪಕ್ಕದಿಂದ ಟಾರ್ಚ್ ಬಿಟ್ಟರೆ ಚುಕ್ಕಿ ಕಾಣುತ್ತದೆ. ಇದನ್ನು ಸಹಿಸಿಕೊಳ್ಳಬಹುದು.

ನನಗೆ ಸಹಿಸಲು ಆಗದೇ ಇದ್ದಿದ್ದು ಇನ್ನೊಂದು. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದನ್ನು ಕೊಳ್ಳುವ ಮೊದಲು ಯಾರೂ ನನಗೆ ಹೇಳಿರಲಿಲ್ಲ.

ಮೈಕ್ರೋಸ್ಕೋಪಿನ ಸ್ಟ್ಯಾಂಡ್ ಯಾವ ಕಡೆ ಮುಖ ಮಾಡಿದೆಯೋ ಅದರ ಮೇಲೆ ಚಿತ್ರ ತಿರುಗುತ್ತದೆ. ನನ್ನದರ ವೈರು ಗಿಡ್ಡ. ಲ್ಯಾಪ್‌ಟಾಪ್‌ಗೆ ಎಟುಕಬೇಕಾದರೆ ಸ್ಟ್ಯಾಂಡನ್ನು ನನ್ನ ಎದುರಿಗೆ, ಆಚೆ ಕಡೆಯಿಂದ ಇಡಬೇಕಿತ್ತು. ಅಂದರೆ ಟೇಬಲ್ ಮೇಲಿನ ಎಡ ಕೆಳಗಿನ ಮೂಲೆ ಸ್ಕ್ರೀನಿನಲ್ಲಿ ಬಲ ಮೇಲಿನ ಮೂಲೆ. ಸೊಗಸಾಗಿ, ಅಂಗೈಯಷ್ಟು ದೊಡ್ಡದಾಗಿ ಚುಕ್ಕಿ ಕಾಣುತ್ತದೆ. ಆದರೆ ಅದು ಚಿಪ್ಪಿನ ಯಾವ ತುದಿಯಲ್ಲಿದೆ ಅನ್ನುವುದೇ ನಮಗೆ ಬೇಕಾದ ಪ್ರಶ್ನೆ ಅಲ್ವಾ? ಅದಕ್ಕೇ ಅದು ತಪ್ಪು ಉತ್ತರ ಕೊಡುತ್ತದೆ.

ಎಸ್‌ಪಿ ರೋಡಿನಿಂದ ತಂದ ಎರಡನೇ ಚಿಪ್ಪಿಗೂ ಇದೇ ಆಯಿತು. ಸ್ಕ್ರೀನ್ ನೋಡಿ, ಚುಕ್ಕಿ ಎಡಗಡೆ ಅಂತ ಮನಸ್ಸಿನಲ್ಲಿ ಇಟ್ಟುಕೊಂಡೆ. ಚಿಮಟದಲ್ಲಿ ಎತ್ತಿ ಬೋರ್ಡಿನ ಮೇಲಿಟ್ಟು ಒಂದು ಕಾಲಿಗೆ ಬೆಸುಗೆ ಹಾಕಿದೆ. ಅಷ್ಟರಲ್ಲಿ ಭಾವನಿಗೆ ವಾಟ್ಸಾಪ್ ಮಾಡಿದ್ದ ಹಳೆಯ ಫೋಟೋ ನೆನಪಾಯಿತು. ‘ಇದೇ ನೋಡಿ ಭಾವ, ಕೆಟ್ಟಿರೋ ಚಿಪ್ಪು’ ಅಂತ ಬಿಚ್ಚುವ ಮುಂಚೆ ಕಳಿಸಿದ್ದೆ. ಫೋಟೋದಲ್ಲಿ ಅಕ್ಷರಗಳ ತಲೆ ಆಂಟೆನಾ ಕಡೆಗಿತ್ತು. ಅದೇ ಕಂಪನಿಯ, ಅದೇ ನಂಬರಿನ ಈ ಚಿಪ್ಪಿನ ತಲೆ ಪವರ್ ಸಾಕೆಟ್ ಕಡೆಗಿತ್ತು. ಎದೆ ಧಸಕ್ಕೆಂದಿತು. ಪವರ್ ಕೊಟ್ಟಿರಲಿಲ್ಲ, ಹಾಗಾಗಿ ಚಿಪ್ ಉಳಿಯಿತು.

ಸಾಫ್ಟ್‌ವೇರಿನಲ್ಲಿ ಚಿತ್ರ ತಿರುಗಿಸಬಹುದಲ್ಲ ಅಂತ ನೀವು ಕೇಳಬಹುದು. ನಾನೂ ಮಾಡಿದೆ. ನನ್ನದರಲ್ಲಿ ಎರಡು ಬಟನ್ ಇದ್ದವು. ಒಂದು ಅಡ್ಡಕ್ಕೆ ಮಗುಚುತ್ತದೆ, ಇನ್ನೊಂದು ಉದ್ದಕ್ಕೆ. ಎರಡನ್ನೂ ಒತ್ತಿದರೆ ಮಾತ್ರ ಸರಿಯಾಗಿ ತಿರುಗುತ್ತದೆ. ಒಂದನ್ನೇ ಒತ್ತಿದರೆ ಕನ್ನಡಿಯ ಬಿಂಬ. ಆಗ ಪಿನ್ ಎಣಿಸುವ ದಿಕ್ಕೇ ಉಲ್ಟಾ ಆಗುತ್ತದೆ. ಅಕ್ಷರ ಇದ್ದರೆ ಗೊತ್ತಾಗುತ್ತದೆ, ಅಕ್ಷರ ಅಳಿಸಿಹೋಗಿದ್ದರೆ ಗೊತ್ತೇ ಆಗುವುದಿಲ್ಲ. ಪ್ರತಿ ಸಲ ಸ್ಕ್ರೂಡ್ರೈವರ್ ತುದಿಯನ್ನು ಚಿಪ್ಪಿನ ಪಕ್ಕ ಇಟ್ಟು, ಎಡ ಯಾವುದು ಬಲ ಯಾವುದು ಅಂತ ಖಾತ್ರಿ ಮಾಡಿಕೊಂಡು, ಆಮೇಲೆ ಚುಕ್ಕಿ ನೋಡುವುದು. ರಾತ್ರಿ ಹತ್ತಕ್ಕೆ ಇಷ್ಟೆಲ್ಲ ಯಾರಿಗೆ ಬೇಕು?

ಮುಂದಿನ ಶನಿವಾರ ಲೆನ್ಸ್ ತಂದೆ. ಲೆನ್ಸಿನಲ್ಲಿ ಎಡ ಎಡವೇ, ಬಲ ಬಲವೇ. ನೋಡುತ್ತಿರುವುದು ನನ್ನ ಕೈಯಲ್ಲಿರುವ ಚಿಪ್ಪನ್ನೇ ಹೊರತು ಬೇರೆಲ್ಲೋ ಇರುವ ಚಿತ್ರವನ್ನಲ್ಲ. ಚಿಪ್ಪನ್ನು ಬಿಳಿ ಕಾಗದದ ಮೇಲಿಟ್ಟು, ಟಾರ್ಚನ್ನು ಟೇಬಲ್‌ಗೆ ಅಂಟಿಸಿದ ಹಾಗೆ ಮಲಗಿಸಿ ಬೆಳಕು ಬಿಡಿ. ಸಂಜೆ ಬಿಸಿಲಿಗೆ ರಸ್ತೆಯ ಗುಂಡಿ ಎದ್ದು ಕಾಣುತ್ತದಲ್ಲ, ಹಾಗೆ ಗುಳಿಯ ಒಂದು ಅಂಚು ಕಪ್ಪಾಗಿ, ಎದುರಿನ ಅಂಚು ಬೆಳ್ಳಗೆ ಕಾಣುತ್ತದೆ. ಕೆಲವು ಚಿಪ್‌ಗಳಲ್ಲಿ ಚುಕ್ಕಿ ಇರುವುದೇ ಇಲ್ಲ, ಒಂದನೇ ಪಿನ್ ಇರುವ ಉದ್ದನೆಯ ಬದಿಯ ಅಂಚನ್ನು ಓರೆಯಾಗಿ ಸವರಿರುತ್ತಾರೆ. ಅದನ್ನು ಮೇಲಿಂದ ನೋಡಿದರೆ ಕಾಣದು. ಚಿಮಟದಲ್ಲಿ ಹಿಡಿದು ತುದಿಯ ಕಡೆಯಿಂದ ನೋಡಬೇಕು. ಲೆನ್ಸಿನಲ್ಲಿ ಅದು ಅರೆಕ್ಷಣದ ಕೆಲಸ. ಮೈಕ್ರೋಸ್ಕೋಪಿನ ಕೆಳಗೆ ಚಿಪ್ಪನ್ನು ನೆಟ್ಟಗೆ ನಿಲ್ಲಿಸಲು ನಾನು ಗೋಧಿಹಿಟ್ಟಿನ ಉಂಡೆ ಬಳಸಬೇಕಾಗಿತ್ತು.

ಗುರುತು ಸಿಕ್ಕ ತಕ್ಷಣ ಬೆಂಕಿಕಡ್ಡಿಯ ತುದಿಯಿಂದ ಬಿಳಿ ನೇಲ್ ಪಾಲಿಶ್ ಒಂದು ಚುಕ್ಕಿ ಇಡುತ್ತೇನೆ. ಆಮೇಲೆ ಊಟಕ್ಕೆ ಎದ್ದರೂ ಚಿಂತೆ ಇಲ್ಲ.

ಲೆನ್ಸಿನ ಕೊರತೆ ಒಂದಿದೆ. ಹತ್ತು ಪಟ್ಟಿನ ಲೆನ್ಸಿಗೆ ವಸ್ತು ಎರಡೂವರೆ ಸೆಂಟಿಮೀಟರ್ ಹತ್ತಿರ ಬರಬೇಕು. ಬೋರ್ಡಿನ ಮೇಲೆ ಮುಖ ಬಗ್ಗಿಸುವಾಗ ಬೆಸುಗೆ ಹಾಕುವ ಬಿಸಿ ಐರನ್ ಪಕ್ಕದಲ್ಲಿ ಇರಕೂಡದು. ಮೂವತ್ತು ಪಟ್ಟು ಅಂತ ಮಾರುವ ಮಡಚುವ ಲೆನ್ಸ್ ಬೇಡವೇ ಬೇಡ. ಕತ್ತಲೆ, ಚಿಪ್ಪಿನ ಮೂಲೆ ಮಾತ್ರ ಕಾಣುತ್ತದೆ.

ಮೊಬೈಲ್ ಕ್ಯಾಮೆರಾ? ಚುಕ್ಕಿ ಹುಡುಕಲು ಸುಮಾರು, ಅದರ ಫ್ಲ್ಯಾಶ್ ಕೂಡ ಎದುರಿಂದಲೇ ಬೀಳುತ್ತದೆ. ಆದರೆ ಬಿಚ್ಚುವ ಮುಂಚೆ ಒಂದು ಫೋಟೋ ತೆಗೆಯಲು ಅದನ್ನು ಮೀರಿಸುವುದು ಯಾವುದೂ ಇಲ್ಲ. ಬೋರ್ಡಿನ ಒಂದು ಗುರುತು, ಆಂಟೆನಾನೋ ಸಾಕೆಟ್ಟೋ, ಫೋಟೋದಲ್ಲಿ ಬರಲೇಬೇಕು.

ಗುರುತು ಪೂರ್ತಿ ಅಳಿಸಿದ್ದರೆ ಮಲ್ಟಿಮೀಟರ್. 25ಕ್ಯೂ ಸಾಲಿನ ಎಂಟು ಕಾಲಿನ ಚಿಪ್ಪಿಗೆ ಇದು ಬಹಳ ಸುಲಭ. ಕಾಲುಗಳು ಎಡ ಬಲಕ್ಕೆ ಬರುವಂತೆ, ಮುಖ ಮೇಲಾಗಿ ಇಡಿ. ಹೇಗೆ ತಿರುಗಿಸಿ ಇಟ್ಟರೂ ಎಡ ಕೆಳಗಿನ ಮೂಲೆ ಮತ್ತು ಬಲ ಮೇಲಿನ ಮೂಲೆ, ಇವೆರಡೇ 4 ಮತ್ತು 8. ಡಯೋಡ್ ಮೋಡಿನಲ್ಲಿ ಕೆಂಪು ಕಡ್ಡಿ ಒಂದಕ್ಕೆ, ಕಪ್ಪು ಇನ್ನೊಂದಕ್ಕೆ ಇಡಿ, ಆಮೇಲೆ ಅದಲು ಬದಲು ಮಾಡಿ. ಯಾವಾಗ 0.5ರಿಂದ 0.7 ವೋಲ್ಟಿನ ಆಸುಪಾಸು ತೋರಿಸುತ್ತದೋ, ಆಗ ಕೆಂಪು ಇರುವುದು ಗ್ರೌಂಡ್, ಅಂದರೆ 4. ಅದೇ ಬದಿಯ ಕಾಲುಗಳಲ್ಲಿ ಇನ್ನೊಂದು ತುದಿಯದು 1. ಖಾಲಿ ಬೋರ್ಡಿನಲ್ಲಾದರೆ ಬೀಪ್ ಮೋಡ್. ಪವರ್ ತೆಗೆದು, ಕಪ್ಪು ಕಡ್ಡಿಯನ್ನು ಗ್ರೌಂಡಿಗೆ ಹಿಡಿದು ಆ ಎರಡು ಮೂಲೆ ಮುಟ್ಟಿ. ಬೀಪ್ ಬಂದದ್ದು 4.

ಆದರೆ ಇದನ್ನು ಎಲ್ಲ ಚಿಪ್ಪಿಗೂ ಹಾಗೇ ಬಳಸಬೇಡಿ. 555 ಅನ್ನುವ ಟೈಮರ್ ಚಿಪ್ಪಿನಲ್ಲಿ ಗ್ರೌಂಡ್ 1ನೇ ಕಾಲು. ಎಲ್‌ಎಂ324ರಲ್ಲಿ (ಇದು ಆಂಪ್ಲಿಫೈಯರ್ ಚಿಪ್) ಪವರ್ 4, ಗ್ರೌಂಡ್ 11. ಚಿಪ್ ಕಂಪನಿ ಕೊಡುವ ವಿವರದ ಹಾಳೆ, ಅಂದರೆ ಡೇಟಾಶೀಟ್, ನೋಡಿಕೊಂಡೇ ಕಡ್ಡಿ ಇಡಿ.

ನಾನು ತಿಂಗಳಿಗೆ ಎರಡೋ ಮೂರೋ ಬೋರ್ಡ್ ಬಿಚ್ಚುವವನು. ಕೆಲಸ ಊಟದ ಟೇಬಲ್ ಮೇಲೆ, ಮುಗಿದ ಮೇಲೆ ಎಲ್ಲವೂ ಡಬ್ಬಿಗೆ. ಲ್ಯಾಪ್‌ಟಾಪ್, ಸ್ಟ್ಯಾಂಡ್, ವೈರು ಹರಡಿಕೊಂಡು ಕೂರಲು ಜಾಗ ಇಲ್ಲ. ಹಾಗಾಗಿ ಲೆನ್ಸ್, ಟಾರ್ಚ್, ನೇಲ್ ಪಾಲಿಶ್, ಜೊತೆಗೆ ಮೊದಲೇ ಇದ್ದ ಮೀಟರ್. ದಿನವಿಡೀ ಅಂಗಡಿಯಲ್ಲಿ ಬೆಸುಗೆ ಹಾಕುವವರಾದರೆ ಎರಡೂ ಕಣ್ಣಿಟ್ಟು ನೋಡುವ ಸ್ಟೀರಿಯೋ ಮೈಕ್ರೋಸ್ಕೋಪಿಗೇ ದುಡ್ಡು ಕೂಡಿಸಿ. ಅದರಲ್ಲಿ ಚಿತ್ರ ತಿರುಗುವುದಿಲ್ಲ. ನಡುವಿನ 1,650ರ ಯುಎಸ್‌ಬಿ ಸಾಮಾನು ಈ ಕೆಲಸಕ್ಕೆ ಬೇಡ.

ಆ ಎರಡನೇ ಚಿಪ್ಪನ್ನು ಬಿಚ್ಚಿ, ಲೆನ್ಸಿನಲ್ಲಿ ನೋಡಿ, ಬಿಳಿ ಚುಕ್ಕಿ ಇಟ್ಟು ಮತ್ತೆ ಕೂರಿಸಿದೆ. ಪವರ್ ಕೊಟ್ಟ ಮೇಲೆ ಬೆರಳಿಟ್ಟು ನೋಡಿದೆ, ತಣ್ಣಗಿತ್ತು. ಸ್ವಲ್ಪ ಹೊತ್ತಿಗೆ ವೈಫೈ ಲೈಟ್ ಮಿನುಗಿತು.