ಮರಿ ಅಗಲಿದ ತಾಯಿ ಬೆಕ್ಕಿಗೆ ಫೆಲಿವೇ ಡಿಫ್ಯೂಸರ್: ಯಾವುದಕ್ಕೆ ಸರಿ, ಯಾವುದಕ್ಕೆ ಅಲ್ಲ

ಮರಿಗಳು ಹೊರಟುಹೋದ ಮೇಲೆ ತಾಯಿ ಬೆಕ್ಕು ಕಪಾಟಿನ ಸಂದಿ, ಮಂಚದ ಅಡಿ, ಮರಿ ಹಾಕಿದ್ದ ಪೆಟ್ಟಿಗೆ, ಒಂದನ್ನೂ ಬಿಡದೆ ಮೂಸುತ್ತದೆ. ಮೊದಲು ಮರಿಗಳನ್ನು ಕರೆಯುವ ಮೆಲುದನಿ, ಆಮೇಲೆ ಗಟ್ಟಿ ಕೂಗು. ಕೆಲವು ಬೆಕ್ಕುಗಳು ಆಟಿಕೆಯನ್ನೋ ಕಾಲುಚೀಲವನ್ನೋ ಕಚ್ಚಿ ತಂದು ಪೆಟ್ಟಿಗೆಯಲ್ಲಿಡುತ್ತವೆ. ಸಾಮಾನ್ಯವಾಗಿ ಎರಡು ಮೂರು ದಿನ ಇದು ಜೋರಾಗಿದ್ದು, ಒಂದೆರಡು ವಾರದಲ್ಲಿ ತಗ್ಗುತ್ತದೆ. ಈ ದಿನಗಳನ್ನು ದಾಟಿಸಲು ಹಲವರು ಕೊಳ್ಳುವುದು ಫೆಲಿವೇ ಡಿಫ್ಯೂಸರ್, ಅಂದರೆ ಸಾಕೆಟ್‌ಗೆ ಸಿಕ್ಕಿಸಿದರೆ ಬೆಕ್ಕಿನ ಫೆರೊಮೋನ್‌ನ (ಪ್ರಾಣಿಗಳು ಒಂದಕ್ಕೊಂದು ಸಂದೇಶ ಕೊಡಲು ಮೈಯಿಂದ ಬಿಡುವ ರಾಸಾಯನಿಕ) ಕೃತಕ ರೂಪವನ್ನು ಆವಿಯಾಗಿ ಹರಡುವ ಸಾಧನ. ಅದಕ್ಕೆ ತಕ್ಕ ಕೆಲಸವಿದೆ, ಆದರೆ ಮರಿಗಳ ನೆನಪನ್ನು ಅದು ಅಳಿಸುವುದಿಲ್ಲ.

ಕೊಳ್ಳುವಾಗಲೇ ಆಗುವ ತಪ್ಪು ಒಂದಿದೆ. ಫೆಲಿವೇಯಲ್ಲಿ ಕ್ಲಾಸಿಕ್, ಫ್ರೆಂಡ್ಸ್ ಎಂಬ ಬೇರೆ ಬೇರೆ ಬಗೆಗಳಿವೆ. ಕ್ಲಾಸಿಕ್‌ನಲ್ಲಿರುವುದು ಬೆಕ್ಕು ಕೆನ್ನೆ ಉಜ್ಜಿ ಗುರುತು ಹಾಕುವಾಗ ಬಿಡುವ ಫೆರೊಮೋನ್‌ನ ಕೃತಕ ರೂಪ. ‘ಇದು ನನ್ನ ಜಾಗ, ಭಯವಿಲ್ಲ’ ಎಂಬುದಷ್ಟೇ ಅದರ ಸಂದೇಶ. ಫ್ರೆಂಡ್ಸ್‌ನಲ್ಲಿರುವುದು (ಕೆಲವು ದೇಶಗಳಲ್ಲಿ ಇದರ ಹೆಸರು ಮಲ್ಟಿಕ್ಯಾಟ್) ಹಾಲೂಡಿಸುವ ತಾಯಿಯ ಮೊಲೆಗಳ ಸುತ್ತಲಿನ ಚರ್ಮದಿಂದ ಬರುವ ಫೆರೊಮೋನ್‌ನ ನಕಲು. ‘ತಾಯಿಯ ಫೆರೊಮೋನ್’ ಎಂದು ಕೇಳಿ ತಾಯಿಗೇ ಅದನ್ನು ತರುತ್ತಾರೆ. ಅದು ಒಟ್ಟಿಗಿರುವ ಬೆಕ್ಕುಗಳ ನಡುವಿನ ಜಗಳಕ್ಕೆಂದು ಮಾಡಿದ್ದು. ಒಂಟಿಯಾಗಿ ಹುಡುಕಾಡುವ ತಾಯಿಗೆ ಕ್ಲಾಸಿಕ್ ತನ್ನಿ. ಒಂದು ಮರಿ ಮನೆಯಲ್ಲೇ ಉಳಿದು, ತಾಯಿ ಅದರ ಮೇಲೆ ಬುಸುಗುಡುತ್ತಿದ್ದರೆ ಮಾತ್ರ ಫ್ರೆಂಡ್ಸ್.

ಬಳಸುವುದು ಸುಲಭ, ಕೆಡಿಸುವುದೂ ಸುಲಭ. 48 ಮಿಲಿಲೀಟರ್ ಬಾಟಲಿಯನ್ನು ನೇರವಾಗಿ ಹಿಡಿದು ಪ್ಲಗ್‌ಗೆ ತಿರುಗಿಸಿ ಕೂರಿಸಬೇಕು. ಸಾಕೆಟ್ ಸೋಫಾದ ಹಿಂದೆ, ಪರದೆಯ ಕೆಳಗೆ ಅಥವಾ ಕಪಾಟಿನಡಿ ಇದ್ದರೆ ಆವಿ ಅಲ್ಲೇ ತಡೆದು ನಿಲ್ಲುತ್ತದೆ. ಪ್ಲಗ್ ಅಡ್ಡ ಅಥವಾ ತಲೆಕೆಳಗಾದರೆ ದ್ರವ ಸೋರುತ್ತದೆ. ರಾತ್ರಿ ಆರಿಸಿ ಬೆಳಿಗ್ಗೆ ಹಾಕುವವರಿಗೆ ಫಲ ಸಿಗದು, ಸತತವಾಗಿ ಉರಿಯುತ್ತಲೇ ಇರಬೇಕು. ಒಂದು ಬಾಟಲಿ ಸುಮಾರು 30 ದಿನ, 70 ಚದರ ಮೀಟರ್‌ವರೆಗೆ. ಆದರೆ ಮುಚ್ಚಿದ ಬಾಗಿಲಾಚೆಗೆ ಅದು ತಲುಪುವುದಿಲ್ಲ, ಹಾಗಾಗಿ ತಾಯಿ ಮಲಗುವ ಕೋಣೆಯಲ್ಲೇ ಹಾಕಿ. ಕೋಣೆಯಲ್ಲಿ ಆವಿ ಹರಡಲು ಒಂದೆರಡು ದಿನ ಬೇಕಾದ್ದರಿಂದ ಮರಿ ಹೊರಡುವ ಮುಂಚೆಯೇ ಶುರುಮಾಡಿ. ಕೂಗು ಎದ್ದ ಮೇಲೆ ಅಂಗಡಿಗೆ ಓಡಿದರೆ ಅತಿ ಕಷ್ಟದ ದಿನಗಳು ಅಷ್ಟರಲ್ಲಿ ಕಳೆದಿರುತ್ತವೆ. ಅದೇ ಕೋಣೆಯಲ್ಲಿ ಸುಗಂಧತೈಲದ ಡಿಫ್ಯೂಸರ್ ಬೇಡವೇ ಬೇಡ. ಅಂಥ ಎಷ್ಟೋ ತೈಲಗಳು ಬೆಕ್ಕಿಗೆ ವಿಷ.

ಪುರಾವೆ ಎಷ್ಟು ಗಟ್ಟಿ? ಅಷ್ಟೇನಿಲ್ಲ. ಸಾಕುಪ್ರಾಣಿಗಳ ಫೆರೊಮೋನ್ ಚಿಕಿತ್ಸೆಗಳ ಮೇಲಿನ ಅಧ್ಯಯನಗಳನ್ನು ಒಟ್ಟಾಗಿ ನೋಡಿದ 2010ರ ಒಂದು ವಿಮರ್ಶೆ, ಹೆಚ್ಚಿನವಕ್ಕೆ ಸಾಕಷ್ಟು ಆಧಾರವಿಲ್ಲವೆಂದಿತು. ಇದು ಮಂಪರು ಬರಿಸುವ ಔಷಧವಲ್ಲ, ಆದ್ದರಿಂದ ಬೆಕ್ಕು ಸುಮ್ಮನೆ ಮಲಗಿಬಿಡುತ್ತದೆ ಎಂದು ಕಾಯಬೇಡಿ.

ಇದಕ್ಕಿಂತ ಹೆಚ್ಚು ಕೆಲಸ ಮಾಡುವುದು ಅಗಲಿಸುವ ಕ್ರಮ. ನಾಲ್ಕನೇ ವಾರದಿಂದ ಮರಿಗಳಿಗೆ ಮೆತ್ತನೆಯ ಆಹಾರ ಕೊಡುತ್ತಾ, ಎಂಟನೇ ವಾರದ ಹೊತ್ತಿಗೆ ಹಾಲು ಬಿಡಿಸಿ, ಹನ್ನೆರಡು ವಾರವಾದ ಮೇಲೆ ಒಂದೊಂದಾಗಿ ಕಳುಹಿಸಿದರೆ ತಾಯಿಗೆ ಹಾಲೂ ಮೆಲ್ಲನೆ ಬತ್ತುತ್ತದೆ, ಹುಡುಕಾಟವೂ ಕಡಿಮೆ. ಎಲ್ಲವನ್ನೂ ಒಂದೇ ದಿನ ಎತ್ತಿಕೊಂಡು ಹೋದರೆ ಹಾಲು ಕಟ್ಟಿ ಮೊಲೆ ಬಿಗಿಯುತ್ತದೆ, ಆಗ ತಾಯಿ ಕೂಗುವುದು ನೋವಿಗೂ ಇರಬಹುದು. ಹಿಂಡಿ ಹಾಲು ತೆಗೆಯಬೇಡಿ, ತೆಗೆದಷ್ಟೂ ಹೆಚ್ಚು ಹಾಲು ಇಳಿಯುತ್ತದೆ. ಹಾಲೂಡಿಸುವಾಗ ಹೆಚ್ಚಿಸಿದ್ದ ಆಹಾರವನ್ನು ಕೆಲವು ದಿನಗಳಲ್ಲಿ ಹಂತಹಂತವಾಗಿ ಮೊದಲಿನ ಅಳತೆಗೆ ತನ್ನಿ, ನೀರು ಮಾತ್ರ ಕಡಿಮೆ ಮಾಡಬಾರದು. ಮೊಲೆ ಕೆಂಪಾಗಿ ಬಿಸಿಯಾದರೆ, ಮುಟ್ಟಗೊಡದಿದ್ದರೆ, ಜ್ವರ ಬಂದರೆ, ಅಥವಾ ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ ಡಿಫ್ಯೂಸರ್ ನಂಬಿ ಕೂರದೆ ಪಶುವೈದ್ಯರಲ್ಲಿಗೆ ಕರೆದೊಯ್ಯಿರಿ.

ಮರಿಗಳ ಹಾಸಿಗೆಯನ್ನು ಅಂದೇ ಒಗೆದುಬಿಡಬೇಡಿ. ವಾಸನೆ ತಾನಾಗಿ ಮಾಸಲಿ. ಗೋಡೆ, ಕುರ್ಚಿ ಕಾಲಿನಲ್ಲಿ ತಾಯಿ ಕೆನ್ನೆ ಉಜ್ಜಿದ ಕಡೆಗಳನ್ನೂ ಒರೆಸದಿದ್ದರೆ ಕ್ಲಾಸಿಕ್ ಮಾಡಬೇಕಾದ ಕೆಲಸವನ್ನು ಬೆಕ್ಕೇ ಮಾಡಿಕೊಂಡಿರುತ್ತದೆ. ಕೊಟ್ಟ ಮರಿ ವಾರಗಳ ನಂತರ ವಾಪಸು ಬಂದರೆ ತಾಯಿ ಬುಸುಗುಡುವುದು ಸಹಜ, ಮರಿಗೆ ಬೇರೆ ಮನೆಯ ವಾಸನೆ ಹತ್ತಿರುತ್ತದೆ. ಬೇರೆ ಕೋಣೆಯಲ್ಲಿಟ್ಟು, ಒಬ್ಬರ ಮೈ ಒರೆಸಿದ ಬಟ್ಟೆಯನ್ನು ಇನ್ನೊಬ್ಬರ ಹತ್ತಿರ ಇಡುತ್ತಾ ಬನ್ನಿ.

ಒಟ್ಟಿನಲ್ಲಿ, ತಾಯಿಯೂ ಜಾಗ ಬದಲಾಯಿಸುತ್ತಿದ್ದರೆ ಅಥವಾ ಸ್ವಭಾವದಲ್ಲೇ ಅಂಜುಬುರುಕಿಯಾದರೆ ಕ್ಲಾಸಿಕ್‌ಗೆ ಹಣ ಹಾಕಬಹುದು. ಒಂದು ಬಾಟಲಿ ಸಾಕು. ಕೂಗು ಪೂರ್ತಿ ನಿಂತು, ಒಂದೆರಡು ವಾರದ ನಂತರ ಮತ್ತೆ ಎದ್ದರೆ ಅದನ್ನು ಮರಿಗಳ ಹಂಬಲವೆಂದು ತಿಳಿಯಬೇಡಿ. ನೆಲಕ್ಕೆ ಹೊರಳುವುದು, ಹಿಂಭಾಗ ಎತ್ತಿ ಬಾಲ ಪಕ್ಕಕ್ಕೆ ಸರಿಸುವುದು ಜೊತೆಗಿದ್ದರೆ ಬೆಕ್ಕು ಬೆದೆಗೆ ಬಂದಿದೆ. ಅದಕ್ಕೆ ಯಾವ ಫೆರೊಮೋನ್ ಬಾಟಲಿಯೂ ಉತ್ತರವಲ್ಲ. ಗಂಡುಬೆಕ್ಕಿನ ಕಣ್ಣಿಗೆ ಬೀಳದಂತೆ ಮನೆಯೊಳಗಿಟ್ಟು, ಹಾಲು ಬತ್ತಿದೆಯೇ ಎಂದು ವೈದ್ಯರಿಗೆ ತೋರಿಸಿ, ಸಂತಾನಹರಣ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿಕೊಳ್ಳಿ.